ಅಜ್ಜನ ಯುದ್ಧಕಾಲದ ಸೇನಾ ದಾಖಲೆ, ಯುದ್ಧಕೈದಿ ದಾಖಲೆ ಹುಡುಕುವುದು ಹೇಗೆ?

"ನಮ್ಮಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿದ್ದರಂತೆ. ಸಿಂಗಾಪುರದಲ್ಲೋ ಎಲ್ಲೋ ಕೈದಿಯಾಗಿದ್ದರಂತೆ. ಕಾಗದಪತ್ರ ಎಲ್ಲಿ ಸಿಗುತ್ತದೆ?" ಪುಣೆ, ಮುಂಬೈಯ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಖಡಕಿ, ದೇಹೂರೋಡ್ ಕಡೆ ನೆಲೆಸಿದ ಎಷ್ಟೋ ಮನೆಗಳ ಹಿರಿಯರು ಪಲ್ಟನ್ನಿನ, ಅಂದರೆ ಸೇನಾ ತುಕಡಿಯ, ನೌಕರಿಗೆ ಅಂತಲೇ ಇತ್ತ ಬಂದವರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಯುದ್ಧದ ಕೊನೆಗೆ ಭಾರತೀಯ ಸೇನೆಯಲ್ಲಿ 25 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಅಷ್ಟು ಜನರಲ್ಲಿ ನಿಮ್ಮ ಅಜ್ಜ ಬರೀ ಹೆಸರಿನಿಂದ ಸಿಗುವುದಿಲ್ಲ. ಅವರ ಸೇನಾ ನಂಬರು ಮತ್ತು ಪಲ್ಟನ್ನಿನ ಹೆಸರು, ಈ ಎರಡು ಕೈಗೆ ಬಂದರೆ ಮುಂದಿನ ಬಾಗಿಲುಗಳು ತೆರೆಯುತ್ತವೆ. ಆದ್ದರಿಂದ ಲಂಡನ್, ಜಿನೀವಾದ ಪತ್ರಾಗಾರಗಳಿಗೆ ಪತ್ರ ಬರೆಯುವ ಮೊದಲು ಈ ಎರಡನ್ನು ಹುಡುಕಿ. ಹೆಚ್ಚಿನವರು ಇದನ್ನೇ ಬಿಟ್ಟು ನೇರವಾಗಿ ಇಂಟರ್ನೆಟ್ಟಿನಲ್ಲಿ ಹೆಸರು ಹಾಕಿ ಕೂರುತ್ತಾರೆ. ಏನೂ ಸಿಗದೆ ಬೇಸತ್ತು ಕೈಬಿಡುತ್ತಾರೆ.

ಹಂತ 1: ಮನೆಯ ಟ್ರಂಕು ತೆಗೆಯಿರಿ

ಊರಿನ ಮನೆಯಲ್ಲಿ ಅಜ್ಜಿಯೋ ದೊಡ್ಡಪ್ಪನೋ ಇಟ್ಟಿರುವ ಹಳೇ ಟ್ರಂಕೇ ಮೊದಲ ದಫ್ತರ. ಅದರಲ್ಲಿ ಇವನ್ನು ಹುಡುಕಿ:

ಡಿಸ್ಚಾರ್ಜ್ ಬುಕ್. ಸೇನೆಯಿಂದ ಬಿಡುಗಡೆ ಆಗುವಾಗ ಕೊಡುವ ಚಿಕ್ಕ ಪುಸ್ತಕ ಅಥವಾ ಸರ್ಟಿಫಿಕೇಟು. ನಂಬರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತದೆ. ಇದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪಿಂಚಣಿ ಕಾಗದ. ಪಿಪಿಒ ಅನ್ನುತ್ತಾರೆ, ಅಂದರೆ ಪಿಂಚಣಿ ಕೊಡಲು ಹೊರಡಿಸಿದ ಆದೇಶ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನಲ್ಲೂ ಇದರ ನಂಬರು ಸಿಗುತ್ತದೆ.

ಪದಕಗಳು. ಇವನ್ನು ಬಹಳ ಜನ ಸರಿಯಾಗಿ ನೋಡುವುದೇ ಇಲ್ಲ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ಸಾಮಾನ್ಯವಾಗಿ ನಂಬರು, ಹುದ್ದೆ, ಹೆಸರು, ಪಲ್ಟನ್ ಕೆತ್ತಿರುತ್ತಾರೆ. ದುಂಡನೆಯ ಪದಕವಾದರೆ ಅಂಚಿನ ಮೇಲೆ, ನಕ್ಷತ್ರದ ಆಕಾರದ್ದಾದರೆ ಹಿಂಭಾಗದಲ್ಲಿ. ಭೂತಗನ್ನಡಿ ಹಿಡಿದು, ಓರೆ ಬೆಳಕಿನಲ್ಲಿ ನೋಡಿ. ಯಾವ ಪದಕ ಅನ್ನುವುದೂ ಒಂದು ಸುಳಿವೇ. ಪೆಸಿಫಿಕ್ ಸ್ಟಾರ್ ಇದ್ದರೆ ಮಲಯ, ಸಿಂಗಾಪುರದ ಕಡೆ ಹೋಗಿದ್ದ ಸಾಧ್ಯತೆ ಜಾಸ್ತಿ. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಯಾವ ರಂಗದವು ಅಂತ ಹೆಸರೇ ಹೇಳುತ್ತದೆ. ಇಂಡಿಯಾ ಸರ್ವಿಸ್ ಮೆಡಲ್ ದೇಶದೊಳಗಿನ ಸೇವೆಗೆ ಕೊಟ್ಟದ್ದು.

ಕೈದಿ ಕಾರ್ಡುಗಳು. ಬಂದಿಯಾಗಿದ್ದಾಗ ಮನೆಗೆ ಬರೆದ ಅಂಚೆ ಕಾರ್ಡು ಇದ್ದರೆ ಅದಕ್ಕಿಂತ ದೊಡ್ಡ ನಿಧಿ ಇಲ್ಲ. 'ಕ್ರೀಗ್ಸ್‌ಗೆಫಾಂಗನನ್‌ಪೋಸ್ಟ್' ಎಂದು ಅಚ್ಚಾಗಿದ್ದರೆ ಅದು ಜರ್ಮನಿಯ ಕೈದಿ ಅಂಚೆ. 'ಪ್ರಿಜೊನಿಯೇರಿ ದಿ ಗ್ವೆರ್ರಾ' ಎಂದಿದ್ದರೆ ಇಟಲಿಯದು. 'ಸ್ಟಾಲಾಗ್' ಅಂದರೆ ಜರ್ಮನಿಯಲ್ಲಿ ಸಾಮಾನ್ಯ ಸೈನಿಕರ ಶಿಬಿರ, 'ಓಫ್ಲಾಗ್' ಅಂದರೆ ಅಧಿಕಾರಿಗಳದ್ದು. 'ಪಿಜಿ' ಎಂಬ ಅಕ್ಷರದ ಮುಂದೆ ಅಂಕಿ ಇದ್ದರೆ ಇಟಲಿಯ ಶಿಬಿರದ ಸಂಖ್ಯೆ. ಕೈದಿ ನಂಬರು ಬೇರೆ, ಸೇನಾ ನಂಬರು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಎಚ್ಚರಿಕೆ: ಪದಕಗಳನ್ನು ಪಾಲಿಶ್ ಹಾಕಿ ತಿಕ್ಕಬೇಡಿ, ಕೆತ್ತಿದ ಅಕ್ಷರ ಸವೆದುಹೋಗುತ್ತದೆ. ಹಳೇ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಎಷ್ಟೇ ಪರಿಚಯದವರಾದರೂ. ದಾಖಲೆ ಹುಡುಕಿಕೊಡುತ್ತೇನೆ ಅಂತ ಮೂಲ ಕಾಗದ ಮತ್ತು ಮುಂಗಡ ಹಣ ಕೇಳುವವರಿಂದ ದೂರ ಇರಿ. ಕೆಳಗಿನ ಕೆಲಸವನ್ನೆಲ್ಲ ನೀವೇ ಮಾಡಬಹುದು.

ಮನೆಯ ಹಿರಿಯರ ಮಾತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಲ್ಟನ್ನಿನ ಹೆಸರು ಕೇಳಿದರೆ ಅವರಿಗೆ ಗೊತ್ತಿರಲಿಕ್ಕಿಲ್ಲ. 'ಜಂಗಿ ಪಲ್ಟನ್' ಅಥವಾ 'ಕಾಲಿ ಪಾಂಚವೀ' ಅಂತ ಅಜ್ಜ ಹೇಳುತ್ತಿದ್ದರಾ ಎಂದು ಕೇಳಿ. ಮೊದಲನೆಯದು ಮರಾಠಾ ರೆಜಿಮೆಂಟಿನ ಒಂದನೇ ಬಟಾಲಿಯನ್, ಎರಡನೆಯದು ಎರಡನೇ ಬಟಾಲಿಯನ್. ಮನಿಯಾರ್ಡರ್ ಎಲ್ಲಿಂದ ಬರುತ್ತಿತ್ತು, ಯಾವ ವರ್ಷ ಪತ್ರ ನಿಂತುಹೋಯಿತು, ಯಾವ ಹಬ್ಬದ ಹೊತ್ತಿಗೆ ತಿರುಗಿ ಬಂದರು, ಇಂಥವನ್ನು ಕೇಳಿ. ಇಸವಿ ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ.

ಹಂತ 2: ಹೆಸರು, ಊರನ್ನು ಆ ಕಾಲದ ರೂಪಕ್ಕೆ ತನ್ನಿ

ನಮ್ಮ ಜನ ಎಡವುವುದು ಇಲ್ಲಿ. 1956ಕ್ಕೆ ಮೊದಲು ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ದಾಖಲೆಗಳಲ್ಲಿ ಅವು ಬೆಲ್ಗಾಂ, ಧಾರ್ವಾರ್, ಬಿಜಾಪುರ್, ಕೆನರಾ. ಬಾಗಲಕೋಟೆ, ಗದಗ, ಹಾವೇರಿ ಜಿಲ್ಲೆಗಳು ಆಗಿದ್ದು 1997ರಲ್ಲಿ. ಬಾಗಲಕೋಟೆಯ ಸೈನಿಕನನ್ನು ಬಿಜಾಪುರದ ಕೆಳಗೆ, ಗದಗ, ಹಾವೇರಿಯವರನ್ನು ಧಾರ್ವಾರ್ ಕೆಳಗೆ ಹುಡುಕಬೇಕು. ಮೈಸೂರು, ಹೈದರಾಬಾದು, ಕೊಲ್ಹಾಪುರ, ಜಮಖಂಡಿಯಂಥ ಸಂಸ್ಥಾನದ ಊರಾದರೆ ಸಂಸ್ಥಾನದ ಹೆಸರು ಬರೆದಿರಬಹುದು.

ಹೆಸರಿನ ಕಥೆ ಇನ್ನೂ ತೊಡಕಿನದು. ಈಗ ನೀವು ಬಳಸುವ ಅಡ್ಡಹೆಸರು ಅಂದು ಬರೆಸಿರಲಿಕ್ಕೇ ಇಲ್ಲ. ಭರ್ತಿ ಮಾಡಿಕೊಳ್ಳುವ ಗುಮಾಸ್ತ ಕನ್ನಡ ತಿಳಿಯದವನು, ಕಿವಿಗೆ ಬಿದ್ದಂತೆ ಬರೆದುಕೊಂಡ. 'ಬಸಪ್ಪ ನಿಂಗಪ್ಪ' ಎಂಬ ಹೆಸರಿನಲ್ಲಿ ನಿಂಗಪ್ಪ ತಂದೆಯ ಹೆಸರು, ಆದರೆ ಪಟ್ಟಿಯಲ್ಲಿ ಅದೇ ಅಡ್ಡಹೆಸರಾಗಿ ಕೂತಿರುತ್ತದೆ. ಬಸಪ್ಪ ಬಸ್ಸಾಪ್ಪ ಆಗಿರಬಹುದು, ಬುಸಾಪಾ ಆಗಿರಬಹುದು. ಮರಾಠಾ ಪಲ್ಟನ್ನಿನಲ್ಲಿ ಮರಾಠಿ ರೂಪವೂ ಪಡೆದಿರಬಹುದು. ಇಂಗ್ಲಿಷಿನಲ್ಲಿ ಸಾಧ್ಯವಾದ ಕಾಗುಣಿತಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿ ಹುಡುಕಾಟದಲ್ಲೂ ಒಂದೊಂದಾಗಿ ಹಾಕಿ ನೋಡಿ. ತಂದೆಯ ಹೆಸರು, ಊರು ಎರಡೂ ತಾಳೆಯಾಗದೆ ಯಾರನ್ನೂ 'ನಮ್ಮವರೇ' ಎಂದು ಒಪ್ಪಿಕೊಳ್ಳಬೇಡಿ.

ಪಲ್ಟನ್ನಿನ ಹೆಸರು ಓದುವುದಕ್ಕೂ ಒಂದು ಕ್ರಮ ಇದೆ. '2/5 ಮರಾಠಾ' ಎಂದರೆ 5ನೇ ಮರಾಠಾ ಲೈಟ್ ಇನ್ಫೆಂಟ್ರಿ ರೆಜಿಮೆಂಟಿನ 2ನೇ ಬಟಾಲಿಯನ್. ಆರ್‌ಐಎಎಸ್‌ಸಿ ಎಂದರೆ ಸಾಗಾಟ, ರೇಶನ್, ಹೇಸರಗತ್ತೆ ನೋಡಿಕೊಳ್ಳುವ ವಿಭಾಗ. ಜಮಾದಾರ ಎಂದರೆ ಈಗಿನ ನಾಯಬ್ ಸುಬೇದಾರ್. 'ಫಾಲೋವರ್' ಎಂದರೆ ಅಡುಗೆಯವರು, ಧೋಬಿ, ನೀರು ಹೊರುವವರು, ಹೀಗೆ ಸೇನೆಯ ಜೊತೆಗೇ ಸೇವೆ ಮಾಡಿದವರು. ಅವರಿಗೂ ನಂಬರಿತ್ತು. ಅಜ್ಜ ಬಂದೂಕು ಹಿಡಿಯಲಿಲ್ಲ ಎಂದು ಹುಡುಕದೆ ಬಿಡಬೇಡಿ.

ಹಂತ 3: ತಿರುಗಿ ಬರದವರಾದರೆ ಮೊದಲು ಇಲ್ಲಿ ನೋಡಿ

ಯುದ್ಧದಲ್ಲೋ ಸೆರೆಯಲ್ಲೋ ತೀರಿಕೊಂಡವರಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಿ. ಪುಕ್ಕಟೆ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರ ಪಟ್ಟಿ ಅಲ್ಲಿದೆ. ಎಷ್ಟೋ ಹೆಸರಿನ ಜೊತೆ 'ಇಂಥವರ ಮಗ, ಇಂಥ ಊರು, ಬೆಲ್ಗಾಂ' ಎಂದು ಬರೆದಿರುತ್ತದೆ. ಹೆಸರಿನಿಂದ ಸಿಗದಿದ್ದರೆ ಈ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಬದುಕಿ ಬಂದವರು ಈ ಪಟ್ಟಿಯಲ್ಲಿ ಇರುವುದಿಲ್ಲ. ಹೆಸರಿಲ್ಲ ಎಂದರೆ ಸೇವೆಯೇ ಮಾಡಿಲ್ಲ ಅಂತ ಅರ್ಥ ಅಲ್ಲ.

ಪುಣೆಯವರು ಬಹಳ ಜನ ಖಡಕಿಯ ವಾರ್ ಸಿಮೆಟ್ರಿಗೆ ಹೋಗಿ ಹುಡುಕಿ ನಿರಾಶರಾಗುತ್ತಾರೆ. ಅಲ್ಲಿ ಎರಡನೇ ಮಹಾಯುದ್ಧದ 1,668 ಸಮಾಧಿಗಳಿವೆ, ಆದರೆ ಅವು ಪಶ್ಚಿಮ ಮತ್ತು ಮಧ್ಯ ಭಾರತದ ಬೇರೆ ಬೇರೆ ಸ್ಮಶಾನಗಳಿಂದ ತಂದು ಸೇರಿಸಿದವು. ಮಲಯದಲ್ಲೋ ಬರ್ಮಾದಲ್ಲೋ ಸತ್ತ ನಿಮ್ಮ ಅಜ್ಜ ಅಲ್ಲಿರುವುದಿಲ್ಲ. ದಹನವಾದ ಅಥವಾ ಸಮಾಧಿಯೇ ಇಲ್ಲದ ಸೈನಿಕರ ಹೆಸರನ್ನು ಸ್ಮಾರಕದ ಗೋಡೆಗಳ ಮೇಲೆ ಕೆತ್ತಿದ್ದಾರೆ. ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ 24 ಸಾವಿರಕ್ಕೂ ಹೆಚ್ಚು, ಬರ್ಮಾದ ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ ಸುಮಾರು 27 ಸಾವಿರ ಹೆಸರುಗಳಿವೆ. ಗೋಡೆಯ ಯಾವ ಅಂಕಣ ಅನ್ನುವುದನ್ನೂ ವೆಬ್‌ಸೈಟೇ ಹೇಳುತ್ತದೆ.

ಸಮುದ್ರದಲ್ಲಿ ಸತ್ತವರ ದಾರಿ ಬೇರೆ. ರಾಯಲ್ ಇಂಡಿಯನ್ ನೇವಿ ಮತ್ತು ವ್ಯಾಪಾರಿ ಹಡಗಿನ ಸುಮಾರು 6 ಸಾವಿರ ನಾವಿಕರ ಹೆಸರಿರುವ ಗೌರವ ಪುಸ್ತಕ ಮುಂಬೈಯ ಮಸ್ಜಿದ್ ಬಂದರ್ ಬಳಿಯ ಇಂಡಿಯನ್ ಸೇಲರ್ಸ್ ಹೋಮಿನಲ್ಲಿದೆ. ಕಾರವಾರ, ಗೋವಾ ಕಡೆಯಿಂದ ಹಡಗಿಗೆ ಸೇರಿದವರ ಮನೆಯವರು ಇದನ್ನು ಮರೆಯಬೇಡಿ. ಪೋರ್ಚುಗಲ್ ಆ ಯುದ್ಧದಲ್ಲಿ ತಟಸ್ಥವಾಗಿತ್ತು. ಗೋವಾದವರು ಮುಂಬೈಗೆ ಬಂದು ಬ್ರಿಟಿಷ್ ಹಡಗು, ಸೇನೆ ಸೇರುತ್ತಿದ್ದರು. ಹಾಗಾಗಿ ಪಣಜಿಯಲ್ಲಿ ಹುಡುಕುವುದಕ್ಕಿಂತ ಮುಂಬೈಯಲ್ಲಿ ಹುಡುಕುವುದು ಲೇಸು.

ಹಂತ 4: ರೆಕಾರ್ಡ್ ಆಫೀಸಿಗೆ ಬರೆಯಿರಿ

ಇಡೀ ಕೆಲಸದ ಗಟ್ಟಿ ಭಾಗ ಇದೇ. ಭಾರತೀಯ ಸಿಪಾಯಿಗಳ ಸೇವಾ ಕಾಗದಗಳು ಲಂಡನ್ನಿಗೆ ಹೋಗಲಿಲ್ಲ. ಅವು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲೇ ಉಳಿದವು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಮುಖ್ಯವಾಗಿ ಅಧಿಕಾರಿಗಳ ಕಡತ. ಬ್ರಿಟಿಷ್ ರಕ್ಷಣಾ ಇಲಾಖೆಗೆ ಶುಲ್ಕ ಕಟ್ಟಿ ಅರ್ಜಿ ಹಾಕುವವರಿದ್ದಾರೆ. ಅದು ಬ್ರಿಟಿಷ್ ಸೇನೆಯವರ ದಾಖಲೆಗೆ ಮಾತ್ರ. ದಯವಿಟ್ಟು ಅಲ್ಲಿ ದುಡ್ಡು ಕಳೆಯಬೇಡಿ.

ನಮ್ಮವರಿಗೆ ಹೆಚ್ಚಾಗಿ ಬೇಕಾಗುವ ಕಚೇರಿಗಳು ಇವು. ಮರಾಠಾ ಲೈಟ್ ಇನ್ಫೆಂಟ್ರಿಯದು ಬೆಳಗಾವಿ. ಬಾಂಬೆ ಸ್ಯಾಪರ್ಸ್, ಅಂದರೆ ಸೇತುವೆ, ರಸ್ತೆ, ಸುರಂಗದ ಕೆಲಸದ ಎಂಜಿನಿಯರ್ ದಳದ್ದು ಪುಣೆಯ ಖಡಕಿಯಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್ ಬೆಂಗಳೂರು. ತೋಪಿನ ದಳ, ಅಂದರೆ ಆರ್ಟಿಲರಿಯದು ನಾಸಿಕ್ ರೋಡ್. ಮಹಾರ್ ರೆಜಿಮೆಂಟ್ 1941ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದರೂ ಅದರ ಕೇಂದ್ರ ಈಗ ಮಧ್ಯಪ್ರದೇಶದ ಸಾಗರದಲ್ಲಿದೆ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್. ಮೈಸೂರು ಸಂಸ್ಥಾನದ ಪದಾತಿ ಪಡೆಯೂ ಮಲಯಕ್ಕೆ ಹೋಗಿ ಸಿಂಗಾಪುರದಲ್ಲಿ ಸೆರೆಯಾಗಿತ್ತು. ಆ ಪಡೆಯವರಾಗಿದ್ದರೆ ವೆಲ್ಲಿಂಗ್ಟನ್ ಜೊತೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳನ್ನೂ ನೋಡಿ. ಬಲೂಚ್, ಫ್ರಾಂಟಿಯರ್ ಫೋರ್ಸ್‌ನಂಥ ರೆಜಿಮೆಂಟುಗಳು 1947ರಲ್ಲಿ ಪಾಕಿಸ್ತಾನದ ಪಾಲಿಗೆ ಹೋದವು, ದಾಖಲೆಯೂ ಅವುಗಳ ಜೊತೆಗೇ ಹೋಯಿತು.

ಪತ್ರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ, ಒಂದೇ ಪುಟ ಇರಲಿ. ಮೇಲ್ಗಡೆ ನಂಬರು, ಹುದ್ದೆ, ಹೆಸರು, ಪಲ್ಟನ್. ಕೆಳಗೆ ತಂದೆಯ ಹೆಸರು, ಊರು, ತಾಲೂಕು, ಹಳೇ ಜಿಲ್ಲೆ, ಸೇವೆಯ ಅಂದಾಜು ಇಸವಿ. ನಿಮಗೂ ಅವರಿಗೂ ಏನು ಸಂಬಂಧ ಎನ್ನುವುದು. ಆಮೇಲೆ ಏನು ಬೇಕು ಎನ್ನುವುದನ್ನು ಹೆಸರು ಹಿಡಿದು ಕೇಳಿ: ಶೀಟ್ ರೋಲ್ ಪ್ರತಿ, ಲಾಂಗ್ ರೋಲ್ ನಕಲು, ಯುದ್ಧಕೈದಿಯಾಗಿದ್ದರೆ ಆ ಬಗ್ಗೆ ಇರುವ ನಮೂದು. 'ಎಲ್ಲ ಮಾಹಿತಿ ಕೊಡಿ' ಎಂದು ಸುಮ್ನೆ ಬರೆದರೆ ಸುಮ್ನೆ ಒಂದು ಸಾಲಿನ ಉತ್ತರವೇ ಬರುತ್ತದೆ.

ಶೀಟ್ ರೋಲ್ ಎಂದರೆ ಸೈನಿಕನ ಪೂರ್ತಿ ಸೇವಾ ಹಾಳೆ. ಲಾಂಗ್ ರೋಲ್ ಎಂದರೆ ಪಲ್ಟನ್ನಿಗೆ ಸೇರಿದ ಎಲ್ಲರನ್ನೂ ಸಾಲಾಗಿ ಬರೆದ ದೊಡ್ಡ ರಿಜಿಸ್ಟರು. ಈ ವ್ಯತ್ಯಾಸ ಚೆನ್ನಾಗಿ ನೆನಪಿಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಶೀಟ್ ರೋಲನ್ನು 25 ವರ್ಷಗಳ ನಂತರ ನಾಶ ಮಾಡುವ ನಿಯಮ ಸೇನೆಯಲ್ಲಿದೆ. ಯುದ್ಧಕ್ಕೆಂದು ಸೇರಿ 1946ರಲ್ಲಿ ಮನೆಗೆ ಬಂದ ಬಹುಪಾಲು ಜನರಿಗೆ ಪಿಂಚಣಿ ಇರಲಿಲ್ಲ. ಆದ್ದರಿಂದ 'ದಾಖಲೆ ನಾಶವಾಗಿದೆ' ಎಂಬ ಉತ್ತರ ಬಂದರೆ ಎದೆಗುಂದಬೇಡಿ. ಲಾಂಗ್ ರೋಲ್ ಶಾಶ್ವತವಾಗಿ ಇಡಬೇಕಾದ ಪುಸ್ತಕ. ಅದರ ನಕಲನ್ನೇ ಕೇಳಿ ಇನ್ನೊಂದು ಪತ್ರ ಹಾಕಿ. ಸಿಗುವುದು ಒಂದೇ ಸಾಲು ಇರಬಹುದು. ಸೇರಿದ ದಿನ, ಬಿಟ್ಟ ದಿನ, ಕಾರಣ. ಆ ಒಂದು ಸಾಲನ್ನು ಸರ್ಕಾರಿ ಮೊಹರಿನೊಂದಿಗೆ ನೋಡಿ ಅತ್ತ ಮನೆಗಳಿವೆ.

ಸಂಬಂಧದ ಪುರಾವೆ ಜೊತೆಗೆ ಇರಲಿ. ಅಜ್ಜನಿಂದ ನಿಮ್ಮವರೆಗೆ ಕೊಂಡಿ ತಪ್ಪಬಾರದು. ವಾರಸಾ ಪತ್ರ, ವಾರಸಾ ನೋಂದಾಗಿರುವ ಹೊಲದ ಉತಾರ, ತಂದೆಯ ಹೆಸರಿರುವ ಶಾಲಾ ದಾಖಲೆ, ನಿಮ್ಮ ಆಧಾರ್. ತಾಯಿಯ ಕಡೆಯ ಅಜ್ಜನಾದರೆ ತಾಯಿಯ ಮದುವೆ ಮುಂಚಿನ ಹೆಸರಿನ ಒಂದು ಕಾಗದ ಖಂಡಿತ ಬೇಕು. ಸಾಧ್ಯವಾದರೆ ಅಜ್ಜಿ ಅಥವಾ ಮಗನ ಹೆಸರಿನಲ್ಲೇ ಅರ್ಜಿ ಹಾಕಿ.

ನಂಬರು ಗೊತ್ತೇ ಇಲ್ಲದಿದ್ದರೆ ಊರಿನ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಪುಣೆಯದಲ್ಲ, ಅಜ್ಜ ನಿವೃತ್ತರಾಗಿ ನೆಲೆಸಿದ ಜಿಲ್ಲೆಯದು. ಮಾಜಿ ಸೈನಿಕರ ನೋಂದಣಿ, ಮಹಾಯುದ್ಧದ ಯೋಧರಿಗೆ ಮತ್ತು ಅವರ ವಿಧವೆಯರಿಗೆ ಕೊಡುವ ಮಾಸಿಕ ನೆರವಿನ ಕಡತ ಅಲ್ಲಿರುತ್ತದೆ. ಆ ಕಡತದಲ್ಲಿ ನಂಬರು ಬರೆಯಲೇಬೇಕು, ಅಲ್ವಾ?

ಹಂತ 5: ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು

ಕೇಂದ್ರದ ಆರ್‌ಟಿಐ ಪೋರ್ಟಲಿನಲ್ಲಿ ರಕ್ಷಣಾ ಇಲಾಖೆಯ ಕೆಳಗೆ ಭಾರತೀಯ ಸೇನೆಯನ್ನು ಆರಿಸಿ. ಮಹಾರಾಷ್ಟ್ರದ ಪೋರ್ಟಲ್ ಬೇರೆ, ಅದರಲ್ಲಿ ಹಾಕಿದರೆ ಕೆಲಸ ಆಗದು. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. 'ಬೇರೆಯವರ ಖಾಸಗಿ ಮಾಹಿತಿ' ಎಂದು ನಿರಾಕರಿಸಿದರೆ ಕಾಯ್ದೆಯ ಸೆಕ್ಷನ್ 8(3) ತೋರಿಸಿ. 20 ವರ್ಷಕ್ಕಿಂತ ಹಳೇ ಸಂಗತಿಗಳಿಗೆ ಆ ಅಡ್ಡಿ ಅನ್ವಯಿಸುವುದಿಲ್ಲ.

ಹಂತ 6: ಯುದ್ಧಕೈದಿಯ ಜಾಡು

ಮೊದಲು ಯಾರ ಕೈಗೆ ಸಿಕ್ಕರು ಎಂದು ಗೊತ್ತುಮಾಡಿಕೊಳ್ಳಿ. ಜಪಾನಿನ ಸೆರೆ ಮತ್ತು ಇಟಲಿ-ಜರ್ಮನಿಯ ಸೆರೆ, ಎರಡರ ಕಾಗದಗಳಿಗೆ ಅಜಗಜಾಂತರ.

ಇಟಲಿ, ಜರ್ಮನಿ: 1942ರ ಜೂನ್ 21ರಂದು ಲಿಬಿಯಾದ ತೊಬ್ರೂಕ್ ಬಿದ್ದಾಗ 2/5 ಮರಾಠಾ ಪಲ್ಟನ್ ಅಲ್ಲಿತ್ತು. ಬೆಳಗಾವಿ ಕಡೆಯ ಮನೆಗಳಲ್ಲಿ 'ಅಜ್ಜ ಇಟಲಿಯಲ್ಲಿ ಕೈದಿಯಾಗಿದ್ದರು' ಎಂಬ ಮಾತಿದ್ದರೆ ಮೊದಲು ಈ ದಿನಾಂಕ ನೆನಪಿಗೆ ಬರಲಿ. ಹೀಗೆ ಸೆರೆಯಾದವರನ್ನು ಸಮುದ್ರ ದಾಟಿಸಿ ಇಟಲಿಗೆ ಒಯ್ದರು. ಅವೆಜ್ಜಾನೋದ 91ನೇ ಶಿಬಿರದಲ್ಲಿ ಭಾರತೀಯರೇ ಹೆಚ್ಚಾಗಿದ್ದರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಕೆಲವರು ತಪ್ಪಿಸಿಕೊಂಡರು, ಉಳಿದವರನ್ನು ಜರ್ಮನಿಗೆ ಸಾಗಿಸಿದರು. ಹಾಗಾಗಿ ಒಬ್ಬರಿಗೇ ಇಟಲಿಯ ಒಂದು ನಂಬರು, ಜರ್ಮನಿಯ ಇನ್ನೊಂದು ನಂಬರು ಇರಬಹುದು. ಫ್ರಾನ್ಸಿನ ಎಪಿನಾಲ್ ಶಿಬಿರದ ಮೇಲೆ 1944ರ ಮೇ 11ರಂದು ಬಾಂಬು ಬಿದ್ದಾಗ ನೂರಾರು ಭಾರತೀಯ ಕೈದಿಗಳು ಪಾರಾಗಿ ಸ್ವಿಟ್ಜರ್ಲೆಂಡಿಗೆ ನಡೆದುಹೋದರು. ಮನೆಯಲ್ಲಿ 'ಹಿಮದ ಬೆಟ್ಟ ದಾಟಿದರಂತೆ' ಎಂಬ ಕಥೆ ಇದ್ದರೆ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಬೇಡಿ.

ಈ ಕೈದಿಗಳಿಗಾಗಿ ಬರೆಯಬೇಕಾದ್ದು ಜಿನೀವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪತ್ರಾಗಾರಕ್ಕೆ. ಮೊದಲ ಮಹಾಯುದ್ಧದ ಕೈದಿ ಕಾರ್ಡುಗಳನ್ನು ಅವರು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಎರಡನೆಯದಕ್ಕೆ ಅರ್ಜಿ ಕೊಡಬೇಕು. ವರ್ಷದ ಕೆಲವು ಅವಧಿಗಳಲ್ಲಿ ಮಾತ್ರ, ಒಂದು ಮಿತಿಯವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ. ಮುಂದಿನ ದಿನಾಂಕವನ್ನು ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡು, ಎಲ್ಲ ಮಾಹಿತಿ ತಯಾರಿಟ್ಟುಕೊಂಡು ಮೊದಲ ದಿನವೇ ಹಾಕಿ.

ಜಪಾನ್: 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು. ಎರಡು ದಿನದ ನಂತರ ಫ್ಯಾರರ್ ಪಾರ್ಕಿನಲ್ಲಿ ಅವರನ್ನು ಬ್ರಿಟಿಷರಿಂದ ಬೇರ್ಪಡಿಸಿ ಜಪಾನಿಗೆ ಒಪ್ಪಿಸಿದರು. ಜಪಾನ್ 1929ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿರಲಿಲ್ಲ. ಅಲ್ಲಿಂದ ರೆಡ್‌ಕ್ರಾಸಿಗೆ ಬಂದ ಪಟ್ಟಿಗಳು ಅರೆಬರೆ. ಜಿನೀವಾದಿಂದ 'ಏನೂ ಇಲ್ಲ' ಎಂದು ಬಂದರೆ ಅವರು ಕೈದಿಯಾಗಿರಲಿಲ್ಲ ಎಂದು ತಿಳಿಯಬೇಡಿ. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸಿನಲ್ಲಿ ಡಬ್ಲ್ಯೂಓ 345 ಎಂಬ ಸಂಖ್ಯೆಯಡಿ ಜಪಾನೀಯರು ಬರೆದ ಕೈದಿ ಕಾರ್ಡುಗಳಿವೆ, ಆದರೆ ಬಹುಪಾಲು ಬ್ರಿಟಿಷ್ ಮತ್ತು ಇತರ ಮಿತ್ರಪಡೆಗಳವರದ್ದು. ಸಾವಿರಾರು ಭಾರತೀಯ ಕೈದಿಗಳನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗೆ ಒಯ್ದಿದ್ದರು. ಅಲ್ಲಿ ಸತ್ತವರ ಸಮಾಧಿಗಳು ರಬೌಲ್ ಬಳಿಯ ಬಿಟಾ ಪಾಕಾದಂಥ ಕಡೆ ಇವೆ. ಮೂರನೇ ಹಂತದ ಹುಡುಕಾಟವನ್ನು ಸಿಂಗಾಪುರಕ್ಕೆ ಮಾತ್ರ ನಿಲ್ಲಿಸಬೇಡಿ ಎನ್ನುವುದು ಇದಕ್ಕೇ.

ಹಂತ 7: ಆಜಾದ್ ಹಿಂದ್ ಫೌಜಿನ ಪ್ರಶ್ನೆ

ಸಿಂಗಾಪುರದ ಕೈದಿ ಎಂದ ತಕ್ಷಣ 'ನೇತಾಜಿ ಜೊತೆ ಇದ್ದರು' ಎಂದು ಮನೆಯವರು ಹೇಳುತ್ತಾರೆ. ಕೆಲವು ಮನೆಗಳಲ್ಲಿ ಇದಕ್ಕೆ ಉಲ್ಟಾ, ಆ ಮಾತನ್ನೇ ಮುಚ್ಚಿಟ್ಟಿರುತ್ತಾರೆ. ಫೌಜು ಸೇರಿದವರೂ ಇದ್ದರು, ಸೇರದೆ ದ್ವೀಪಗಳಲ್ಲಿ ಸತ್ತವರೂ ಇದ್ದರು. ಇಬ್ಬರ ಕಷ್ಟವೂ ದೊಡ್ಡದು. ಕಾಗದ ನೋಡುವವರೆಗೆ ಯಾವುದನ್ನೂ ನಿರ್ಧರಿಸಬೇಡಿ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ತಿರುಗಿ ಬಂದ ಕೈದಿಗಳನ್ನು, ಫೌಜು ಸೇರಿದ್ದರೇ ಎಂದು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು. ಬಿಳಿ ಎಂದರೆ ಮತ್ತೆ ಸೇವೆಗೆ. ಬೂದು ಎಂದರೆ ಬಿಡುಗಡೆ. ಕಪ್ಪು ಎಂದರೆ ವಜಾ, ಸಂಬಳವೂ ಮುಟ್ಟುಗೋಲು. ಡಿಸ್ಚಾರ್ಜ್ ಕಾಗದದಲ್ಲಿ 1945-46ರ ವಜಾ ಕಂಡರೆ ಅಜ್ಜ ಏನೋ ತಪ್ಪು ಮಾಡಿದ್ದರು ಎಂದು ತಲೆತಗ್ಗಿಸಬೇಡಿ, ಕಾರಣ ಇದೂ ಇರಬಹುದು. ಸ್ವಾತಂತ್ರ್ಯ ಯೋಧರ ಪಿಂಚಣಿ 1972ರಲ್ಲಿ ಶುರುವಾದಾಗ ಫೌಜಿನವರಿಗೂ ಅದು ಸಿಕ್ಕಿತು. ಅರ್ಜಿ ಹಾಕಿದ್ದರೆ ಅದರ ಕಡತವೂ ಒಂದು ದಾಖಲೆ.

ಫೌಜಿನ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ 'ಅಭಿಲೇಖ ಪಟಲ್' ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಮನೆಯಿಂದಲೇ ಹುಡುಕಬಹುದು. ಮುಂಬೈಯವರಿಗೆ ಇನ್ನೊಂದು ಅನುಕೂಲ ಇದೆ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ. ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದಾಗಿನ ಗೃಹ ಇಲಾಖೆಯ ಕಡತಗಳು ಅಲ್ಲಿವೆ. ಗುರುತಿನ ಚೀಟಿ, ಏಕೆ ನೋಡಬೇಕು ಎಂಬ ಒಂದು ಪತ್ರ ಒಯ್ಯಿರಿ.

ಹಂತ 8: ಕಾಗದ ಸಿಗದಿದ್ದರೆ ಪಲ್ಟನ್ನನ್ನೇ ಹಿಂಬಾಲಿಸಿ

ಅಜ್ಜನ ಹೆಸರಿನ ಕಾಗದ ಸಿಗದಿದ್ದರೂ ಅವರ ಪಲ್ಟನ್ನಿನ ವಾರ್ ಡೈರಿ ಸಿಗಬಹುದು. ವಾರ್ ಡೈರಿ ಎಂದರೆ ಪಲ್ಟನ್ ದಿನದಿನ ಬರೆದಿಟ್ಟ ದಿನಚರಿ. ಎಲ್ಲಿ ಬಿಡಾರ, ಯಾವತ್ತು ಹಡಗು ಹತ್ತಿದರು, ಯಾವ ಹಳ್ಳಿಯ ಬಳಿ ಗುಂಡಿನ ಕಾಳಗ ಎಂದೆಲ್ಲ ಇರುತ್ತದೆ. ಸಿಪಾಯಿಗಳ ಹೆಸರು ಅಪರೂಪ. ಇವು ದೆಹಲಿಯಲ್ಲಿ ರಕ್ಷಣಾ ಇಲಾಖೆಯ ಇತಿಹಾಸ ವಿಭಾಗದಲ್ಲಿವೆ. ಲಂಡನ್ನಿನ ಕ್ಯೂನ ನ್ಯಾಷನಲ್ ಆರ್ಕೈವ್ಸಿನಲ್ಲೂ ಇವೆ: ಮಧ್ಯಪ್ರಾಚ್ಯದ್ದು ಡಬ್ಲ್ಯೂಓ 169, ಆಗ್ನೇಯ ಏಷ್ಯಾದ್ದು ಡಬ್ಲ್ಯೂಓ 172. ಶೌರ್ಯ ಪದಕಕ್ಕೆ ಯಾರಾದರೂ ಶಿಫಾರಸು ಮಾಡಿದ್ದರೆ ಡಬ್ಲ್ಯೂಓ 373ರಲ್ಲಿ ಹೆಸರಿನಿಂದಲೇ ಹುಡುಕಬಹುದು. ಸೆರೆಯಿಂದ ತಪ್ಪಿಸಿಕೊಂಡು ಬಂದವರ ಶಿಫಾರಸುಗಳೂ ಅದರಲ್ಲಿವೆ.

ರೆಕಾರ್ಡ್ ಆಫೀಸು, ಸೈನಿಕ ಕಚೇರಿ, ಜಿನೀವಾ, ಮೂರಕ್ಕೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದರ ಉತ್ತರಕ್ಕೆ ಕಾದು ಇನ್ನೊಂದಕ್ಕೆ ಬರೆಯುವುದು ಬೇಡ. ನಂಬರು ಕೈಗೆ ಬಂದ ವಾರವೇ ಮೊದಲ ಎರಡಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪ್ರತಿ ಪತ್ರದ ನಕಲು, ಕಳಿಸಿದ ದಿನ, ಬಂದ ಉತ್ತರವನ್ನು ಒಂದೇ ಫೈಲಿನಲ್ಲಿ ಇಡಿ. ಮೇಲ್ಮನವಿ ಹಾಕುವಾಗ ಅದೇ ಕೆಲಸಕ್ಕೆ ಬರುತ್ತದೆ. ಮತ್ತೆ, ಅಜ್ಜಿಯ ಜೊತೆಗಿನ ಮಾತುಕತೆಯನ್ನು ಮಾತ್ರ ಮುಂದಿನ ರಜೆಗೆ ಅಂತ ಹಾಕಬೇಡಿ. ಈ ವಾರವೇ ಫೋನ್ ಮಾಡಿ ಕೇಳಿ.